ಚಿಕ್ಕತಾಯಮ್ಮನ ಹಾಲು ಅಳೆದ ಮಳೆಗಾಲ

ಮೈಸೂರಿಂದ ಹೊರಟ ಬಸ್ಸು ಬಿಳಿಕೆರೆಯಲ್ಲಿ ಜನ ಇಳಿಸಿ ಮತ್ತೆ ಹೊರಟಾಗ ಕಿಟಕಿಯಿಂದ ಆ ವಾಸನೆ ಬಂತು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬೆಂಕಿಮನೆಯಲ್ಲಿ, ಹೊಗೆಸೊಪ್ಪು ಬೇಯುವ ವಾಸನೆ. ಪಾಕ ತಳ ಹಿಡಿಯುವುದಕ್ಕೆ ಮುಂಚೆ ಬೆಲ್ಲ ಬಿಡುವ ಘಮಕ್ಕೆ ಅದು ಹತ್ತಿರ. ಒಳಗೆ ಮಾತ್ರ ಗಂಟಲು ಕೆರೆಯುವಂಥದ್ದೊಂದು ಇರುತ್ತದೆ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನಾನು ಹಿಡಿಯಲಿಲ್ಲ. ನನಗೆ ಆ ವಾಸನೆಯ ಜೊತೆಗೆ ಹಾಲು ನೆನಪಾಗುತ್ತದೆ. ಚರಂಡಿಯ ಕಪ್ಪು ನೀರಿನ ಮೇಲೆ ಬೆಳ್ಳಗೆ ಹರಡಿಕೊಂಡು ಹೋದ ಹಾಲು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ಡಿಪ್ಲೊಮಾ ಮುಗಿಸಿ ಭೇರ್ಯದಿಂದ ಹುಣಸೂರಿಗೆ ಕೆಲಸಕ್ಕೆ ಬಂದ ವರ್ಷದ ಮಳೆಗಾಲ ಅದು. ಕೆಲಸ ಕೊಟ್ಟವರು ಮಲ್ಲಪ್ಪನವರು. ಅವರ ತಾತನ ಕಾಲದಿಂದ ತಕ್ಕಡಿ, ತೂಕದ ಕಲ್ಲು ಮಾರಿದ ಮನೆ. ಕಾಲ ಹೇಗೆ ತಿರುಗಿತೋ ಹಾಗೆ ತಿರುಗಿ ಎಲೆಕ್ಟ್ರಾನಿಕ್ ತಕ್ಕಡಿ ತಂದರು, ಆಮೇಲೆ ಆ ತಕ್ಕಡಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ ಕಟ್ಟಿ ಹಳ್ಳಿ ಡೈರಿಗಳಿಗೆ ಮಾರುವ ಯೋಚನೆಗೆ ಬಿದ್ದರು. ಅಂಗಡಿಯ ಮಹಡಿ ಮೇಲೆ ಆ ಪೆಟ್ಟಿಗೆಯ ಒಳಗನ್ನು ಸಿದ್ಧ ಮಾಡುವವರು ನಾವಿಬ್ಬರು, ನಾನು ಮತ್ತು ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ರಿಯಾಜ್.

ಪೆಟ್ಟಿಗೆಯ ಕೆಲಸ ಹೇಳುವುದಕ್ಕೆ ಸುಲಭ. ಡೈರಿಗೆ ತಂದ ಹಾಲು ತಕ್ಕಡಿ ಮೇಲೆ ಕೂತರೆ ಎಷ್ಟು ಹಾಲು ಅನ್ನುವ ಅಂಕಿ ಬರುತ್ತದೆ. ಅದೇ ಹಾಲಿನಲ್ಲಿ ಒಂದು ಗುಟುಕನ್ನು ಪಕ್ಕದ ಫ್ಯಾಟ್ ಮಿಷನ್ ಹೀರಿಕೊಂಡರೆ ಕೊಬ್ಬು ಎಷ್ಟು ಅನ್ನುವ ಅಂಕಿ ಬರುತ್ತದೆ. ಎರಡೂ ಒಂದೊಂದು ಯುಎಸ್‌ಬಿ ತಂತಿಯಲ್ಲಿ ಪೆಟ್ಟಿಗೆಗೆ ಬಂದು, ಸಾಲಿನಲ್ಲಿ ನಿಂತ ಜನರ ಕಡೆಗೆ ತಿರುಗಿಸಿದ ಬೋರ್ಡಿನ ಮೇಲೆ ಬೆಳಗುತ್ತವೆ. ಕೊಬ್ಬು ಮೂರಕ್ಕಿಂತ ಕಮ್ಮಿ ಇದ್ದರೆ ಅಂಕಿ ಕೆಂಪಗಾಗುತ್ತದೆ. ಕೆಂಪಾದರೆ ನೀರು ಬೆರೆಸಿದ ಹಾಲು. "ಎಲ್ಲರ ಕಣ್ಣಿಗೂ ಬೀಳ್ಬೇಕು, ಆಗ ಕದಿಯೋನು ಹೆದರ್ತಾನೆ" ಅನ್ನುವುದು ಮಲ್ಲಪ್ಪನವರ ಮಾತು.

ಆ ಪೆಟ್ಟಿಗೆಯಲ್ಲಿ ಜಾಗ ಬಹಳ ಕಮ್ಮಿ. ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಕೂರಿಸಬೇಕು. ಅದರ ಎದೆಯಲ್ಲಿರುವುದು ಕರ್ನಲ್. ನಮ್ಮಜ್ಜಿಗೆ ನಾನು ಏನು ಕೆಲಸ ಮಾಡುತ್ತೇನೆ ಅಂತ ತಿಳಿಸಿ ಹೇಳುವಾಗ, ಕರ್ನಲ್ ಅಂದರೆ ಮದುವೆಮನೆ ಬಾಗಿಲಲ್ಲಿ ಕೂತ ಹಿರೀಕ ಅಂದಿದ್ದೆ. ಯಾರೇ ಬಂದು ತಂತಿಯಲ್ಲಿ ತಗುಲಿಕೊಳ್ಳಲಿ, ಹಿರೀಕ ಕೇಳುತ್ತಾನೆ, ನೀನು ಯಾರು, ಯಾರ ಮನೆಯವನು. ಬಂದವನು ತನ್ನನ್ನು ಮಾಡಿದವರ ಅಂಕಿ, ತನ್ನ ಜಾತಿಯ ಸಾಮಾನಿನ ಅಂಕಿ, ಎರಡನ್ನೂ ಒಪ್ಪಿಸುತ್ತಾನೆ. ಹಿರೀಕನ ಹಿಂದೆ ಒಂದೊಂದು ಸಾಮಾನನ್ನು ನಡೆಸುವ ಪ್ರೋಗ್ರಾಮುಗಳು, ಅಂದರೆ ಡ್ರೈವರ್‌ಗಳು ನಿಂತಿರುತ್ತವೆ. ಪ್ರತಿಯೊಂದರ ಕೈಯಲ್ಲೂ ತನಗೆ ಯಾರು ಯಾರು ಸೇರಬೇಕು ಅನ್ನುವ ಪಟ್ಟಿ. ಯಾರ ಪಟ್ಟಿಯಲ್ಲಿ ಆ ಅಂಕಿ ಇದೆಯೋ ಅದು ಬಂದು ನೆಂಟನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ. ಅಜ್ಜಿ ಕೇಳಿದ್ದಳು, "ಯಾರ ಪಟ್ಟೀಲೂ ಇಲ್ದಿದ್ರೆ?" ಬಾಗಿಲಲ್ಲೇ ನಿಂತಿರುತ್ತಾನೆ ಅಂದೆ. "ಪಾಪ" ಅಂದಳು.

ಜಗತ್ತಿನ ಸಾಮಾನಿಗೆಲ್ಲ ಡ್ರೈವರ್ ಇದ್ದವು ಲಿನಕ್ಸಿನಲ್ಲಿ, ರಾಶಿ ರಾಶಿ. ಅವನ್ನು ಬೇರೆ ಮಾಡಿ, ಬೇಕಾದ್ದನ್ನು ಗೂಡಿನಲ್ಲಿಟ್ಟು, ಬೇಡದ್ದನ್ನು ಹೊರಗೆ ಹಾಕುವುದೇ ಆ ಮಳೆಗಾಲದ ನಮ್ಮ ಕೆಲಸ. ಪ್ರಿಂಟರಿನದು ಇರಲಿ, ಕೀಬೋರ್ಡಿನದು ಇರಲಿ, ತಂತಿಯದು ಇರಲಿ. "ಕ್ಯಾಮೆರಾದ್ದು ಯಾಕಮ್ಮಾ ಇಟ್ಟಿದ್ದೀಯ, ಡೈರೀಲಿ ಎಮ್ಮೆ ಫೋಟೊ ತೆಗೀತಾರಾ?" ಅಂತ ರಿಯಾಜ್ ಹೊರಗೆ ಎಸೆಯುತ್ತಿದ್ದ.

ತಕ್ಕಡಿಗೂ ಫ್ಯಾಟ್ ಮಿಷನ್ನಿಗೂ ಹಾಕಿದ ಯುಎಸ್‌ಬಿ ತಂತಿಗಳನ್ನು ಮಲ್ಲಪ್ಪನವರು ಅಗ್ಗಕ್ಕೆ ಸಿಕ್ಕಿದ ಕಡೆಯಿಂದ ಚೀಲದಲ್ಲಿ ತುಂಬಿಸಿ ತಂದಿದ್ದರು. ಎಲ್ಲವೂ ಒಂದೇ ಥರ. ಹಿರೀಕ ಕೇಳಿದರೆ ಎರಡೂ ಹೇಳುವ ಅಂಕಿ ಒಂದೇ. ಅವಳಿಜವಳಿ, ಹೆಸರೂ ಒಂದೇ, ಇನಿಷಿಯಲ್ಲೂ ಇಲ್ಲ. ಹಾಗಾಗಿ ಡ್ರೈವರ್ ಒಂದೇ ಲೆಕ್ಕ ಇಟ್ಟುಕೊಂಡಿತ್ತು, ಮೊದಲು ಚುಚ್ಚಿದ್ದಕ್ಕೆ ಸೊನ್ನೆ, ಆಮೇಲೆ ಚುಚ್ಚಿದ್ದಕ್ಕೆ ಒಂದು. ನಾವು ಸೊನ್ನೆ ಅಂದರೆ ತಕ್ಕಡಿ, ಒಂದು ಅಂದರೆ ಫ್ಯಾಟ್ ಮಿಷನ್ ಅಂತ ಬರೆದುಬಿಟ್ಟೆವು.

ಅದು ತಪ್ಪು ಅಂತ ಹುಣಸೂರಿನಲ್ಲಿ ಗೊತ್ತಾಗಲೇ ಇಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಮಲ್ಲಪ್ಪನವರ ಮನೆಯಲ್ಲಿ ಯಾವ ಕೆಲಸ ಶುರುವಾಗಬೇಕಾದರೂ ತಕ್ಕಡಿಗೆ ಕುಂಕುಮ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಉಳಿದದ್ದು. ಪರೀಕ್ಷೆ ಮಾಡುವಾಗಲೂ ತಕ್ಕಡಿ ತಂತಿಯೇ ಮೊದಲು. ಒಂದು ಸಲ ನಾನು ಮರೆತು ಫ್ಯಾಟ್ ಮಿಷನ್ನಿನ ತಂತಿಗೆ ಕೈ ಹಾಕಿದಾಗ, "ಏನಮ್ಮ, ಮನೇಲಿ ಊಟಕ್ಕೆ ಕೂತಾಗ ಮೊದ್ಲು ಮೊಸರನ್ನ ತಿಂತೀಯಾ?" ಅಂತ ತಂತಿ ಕಿತ್ತುಕೊಂಡಿದ್ದರು. ಹಾಗೆ ನೂರಾರು ಸಲ ಅಳೆದೆವು. ನೂರಾರು ಸಲವೂ ಸರಿ ಬಂತು.

ಆ ವರ್ಷ ಗುಡುಗು ಸಿಡಿಲು ಜಾಸ್ತಿ. ಪಿರಿಯಾಪಟ್ಟಣದ ಕಡೆ ಒಂದು ಪೆಟ್ಟಿಗೆ ಸಿಡಿಲಿಗೆ ಸುಟ್ಟಿತು. ಮಲ್ಲಪ್ಪನವರು ಎಲ್ಲ ಡೈರಿಗೂ ಹೇಳಿ ಕಳಿಸಿದರು, ಸಾಯಂಕಾಲದ ಹಾಲು ಮುಗಿದ ಮೇಲೆ ಎರಡೂ ತಂತಿ ಕಿತ್ತಿಡಿ, ಬೆಳಿಗ್ಗೆ ಚುಚ್ಚಿಕೊಳ್ಳಿ, ಸುಟ್ಟರೆ ನಾವು ಜವಾಬ್ದಾರಿ ಅಲ್ಲ.

ಹುಣಸೂರಿನ ಪಕ್ಕದ ಕೋಟೆ ತಾಲ್ಲೂಕಿನಲ್ಲಿ, ಬೇಗೂರಿನ ದಾರಿಯಲ್ಲಿ ಒಂದು ಹಳ್ಳಿ. ಅದರ ಹೆಸರು ಬೇಡ. ಅಲ್ಲಿಯ ಡೈರಿ ಸೆಕ್ರೆಟರಿ ಕುಮಾರ ಅಂಗಡಿಗೆ ಫೋನ್ ಮಾಡಿದ. ಕೆಲವು ದಿನ ಬೆಳಿಗ್ಗೆ ಡೈರಿಯ ಅಧ್ಯಕ್ಷ ಜವರೇಗೌಡರ ಹಾಲಿಗೆ ನಾಲ್ಕಿರಬೇಕಾದ ಕಡೆ ಹನ್ನೆರಡು ಫ್ಯಾಟ್ ತೋರಿಸುತ್ತದೆ, ತಂತಿ ಕಿತ್ತು ಮತ್ತೆ ಹಾಕಿದರೆ ಸರಿ ಹೋಗುತ್ತದೆ, ಒಂದು ಸಲ ಬಂದು ನೋಡಿ ಅಂತ. ರಿಯಾಜ್‌ಗೆ ಜ್ವರ. ನನ್ನನ್ನು ಕಳಿಸಿದರು. ನಾನು ಹಿಂದಿನ ದಿನವೇ ಹೋಗಿ ಕೋಟೆಯ ಚಿಕ್ಕಮ್ಮನ ಮನೆಯಲ್ಲಿದ್ದು, ಬೆಳಗಿನ ಮೊದಲ ಬಸ್ಸಿಗೆ ಆ ಊರಲ್ಲಿ ಇಳಿದೆ. ಊರ ಸುತ್ತ ಬ್ಯಾರನ್‌ಗಳಿಂದ ಹೊಗೆ ಏಳುತ್ತಿತ್ತು. ಜಿಟಿಜಿಟಿ ಮಳೆ. ಕುಮಾರ ಆಗ ತಾನೆ ಬಾಗಿಲು ತೆಗೆದು, ಕೈಗೆ ಸಿಕ್ಕಿದ ತಂತಿಯನ್ನು ಸಿಕ್ಕಿದ ಹಾಗೆ ಚುಚ್ಚಿ, ಊದುಬತ್ತಿ ಹಚ್ಚುತ್ತಿದ್ದ.

ಸಾಲಿನಲ್ಲಿ ಮೊದಲು ನಿಂತಿದ್ದವಳು ಚಿಕ್ಕತಾಯಮ್ಮ. ನಲವತ್ತು ದಾಟಿದ್ದ ಹೆಂಗಸು, ಗಂಡ ಇಲ್ಲ. ಗೌಡರ ಬ್ಯಾರನ್ನಿನಲ್ಲಿ ಸೊಪ್ಪು ಪೋಣಿಸುವ ಕೆಲಸ, ಹೊತ್ತಿಗೆ ಮುಂಚೆ ಹೋಗಬೇಕಾದ್ದರಿಂದ ದಿನಾ ಅವಳೇ ಮೊದಲು ಬರುತ್ತಿದ್ದಳು. ಬೆರಳೆಲ್ಲ ಸೊಪ್ಪಿನ ಅಂಟು ಹಿಡಿದು ಕಪ್ಪಾಗಿತ್ತು. ಅವಳಿಗಿದ್ದದ್ದು ಒಂದು ನಾಟಿ ಹಸು, ಅದನ್ನು ನಂಬಿಕೊಂಡು ಬದುಕು. ಡೈರಿಯ ಮೆಂಬರ್ ಅನ್ನುವುದು ಬಿಟ್ಟರೆ ಆ ಊರಲ್ಲಿ ಅವಳ ಹೆಸರು ಇನ್ನೆಲ್ಲೂ ಬರೆದಿರಲಿಲ್ಲ.

ಅವಳನ್ನು ನೋಡುತ್ತಲೇ ಹಿಂದಿನಿಂದ ಯಾರೋ ಅಂದರು, "ಏನವ್ವ ನೀರವ್ವ, ಇವತ್ತು ಬಾವೀದೋ ಬೋರಿಂದೋ?"

ಸಾಲು ನಕ್ಕಿತು. ಅವಳು ತಿರುಗಲಿಲ್ಲ. ಕ್ಯಾನಿನ ಹಾಲನ್ನು ಡೈರಿಯ ಬಕೆಟ್ಟಿಗೆ ಬಗ್ಗಿಸಿದಳು. ಕುಮಾರ ಗುಂಡಿ ಒತ್ತಿದ. ಬೋರ್ಡಿನ ಮೇಲೆ ಅಂಕಿ ಬಂದವು. ಹಾಲು ನಾಲ್ಕು ಲೀಟರ್ ನಾನೂರು. ಫ್ಯಾಟ್ ಎರಡು ಪಾಯಿಂಟ್ ಮೂರು. ಕೆಂಪು.

"ನೋಡ್ರಪ್ಪ" ಅಂದ ಕುಮಾರ, ಬೇಸರದಿಂದ ಅನ್ನುವ ಹಾಗೆ. "ಎರಡು ಸತಿ ಏಳಿದ್ದೀನಿ. ಇವತ್ತು ಮೂರ್ನೇದು. ಕಮಿಟಿ ಏನಂದದೆ, ಮೂರ್ನೇ ಸತಿಗೆ ಹೆಸ್ರು ತೆಗೀರಿ ಅಂದದೆ."

"ಲೋ ಕುಮಾರಾ" ಅಂದಳು ಚಿಕ್ಕತಾಯಮ್ಮ. ದನಿ ಏರಿಸಲಿಲ್ಲ. "ನನ್ನ ಕ್ಯಾನು ನೋಡ್ಲಾ. ಇದು ಇಡಿಯೋದೇ ಮೂರ್ ಲೀಟ್ರು. ನಾಕೂವರೆ ಎಲ್ಲಿಂದ ಬತ್ತದೆ?"

"ಅದುನ್ನ ನೀರು ಉಯ್ದೋರು ಏಳ್ಬೇಕು" ಅಂದರು ಹಿಂದಿನಿಂದ.

"ಸಾಯಂಕಾಲ ನಾಕೂ ಚಿಲ್ರೆ ಫ್ಯಾಟ್ ಬತ್ತದಲ್ಲ ನಂಗೆ. ಅದೇ ಅಸ ತಾನೆ?"

"ಸಾಯಂಕಾಲ ಜನ ಜಾಸ್ತಿ ಇರ್ತಾರೆ, ಎದ್ರುಕತೀಯ. ಬೆಳಿಗ್ಗೆ ಕತ್ಲೇಲಿ ಬೆರುಸ್ಕ ಬತ್ತೀಯ" ಅಂದ ಕುಮಾರ. ಕಂಪ್ಯೂಟರ್ ಬಂದ ಮೇಲೆ ಅವನು ನೀರು ಬೆರೆತದ್ದನ್ನು ತೋರಿಸುವ ಹಳೇ ಲ್ಯಾಕ್ಟೋಮೀಟರನ್ನು ಬೀರುವಿನ ಮೇಲೆ ಎಸೆದಿದ್ದ. ಯಾರೋ ಅದನ್ನು ತೆಗೆದು ನೋಡು ಅಂದಿದ್ದಕ್ಕೆ, "ಇಷ್ಟು ದುಡ್ಡು ಕೊಟ್ಟು ಮಿಷಿನ್ ತಂದಿರೋದು ಯಾಕೆ?" ಅಂದಿದ್ದನಂತೆ.

ಅವಳು ಕ್ಯಾನನ್ನು ಎತ್ತಿ ಹಿಡಿದು ಸಾಲಿಗೆ ತೋರಿಸಿದಳು. ಅಲ್ಲಿದ್ದವರೆಲ್ಲ ಅದನ್ನು ವರ್ಷಗಟ್ಟಲೆ ನೋಡಿದವರೇ. ಒಬ್ಬರೂ ಬಾಯಿ ತೆಗೆಯಲಿಲ್ಲ. ಕುಮಾರ ಬಕೆಟ್ಟನ್ನು ಎತ್ತಿ, ಎಲ್ಲರೂ ನೋಡಲಿ ಅಂತ ಬಾಗಿಲಿಗೆ ಬಂದು, ಚರಂಡಿಗೆ ಸುರಿದ. ಅದು ಕಮಿಟಿಯ ನಿಯಮ, ನೀರು ಬೆರೆಸಿದ ಹಾಲನ್ನು ಜನರೆದುರಿಗೇ ಚೆಲ್ಲಬೇಕು. ಒಂದು ನಾಯಿ ಓಡಿ ಬಂತು. "ತಡೀಲಾ, ಆ ನಾಯಿಗೆ ನೆಗಡಿ ಆಯ್ತದೆ" ಅಂದ ಒಬ್ಬ. ಮತ್ತೆ ನಗು. ಚಿಕ್ಕತಾಯಮ್ಮ ಖಾಲಿ ಕ್ಯಾನನ್ನು ಅಲ್ಲೇ ನಲ್ಲಿಯಲ್ಲಿ ತೊಳೆಯುವುದಕ್ಕೆ ಹೋದಳು. "ನಾಳಿಕ್ಕೆ ಈಗ್ಲೇ ತುಂಬುಸ್ಕತಾವ್ಳೆ" ಅಂದರು. ಅವಳು ನಲ್ಲಿ ನಿಲ್ಲಿಸಿ, ತೊಳೆಯದೆ, ಬ್ಯಾರನ್ ಕಡೆಗೆ ನಡೆದುಹೋದಳು.

ಆಮೇಲಿನ ಸರದಿ ಗೌಡರದು. ದೊಡ್ಡ ಕ್ಯಾನು. ಬೋರ್ಡಿನ ಮೇಲೆ ಬಂತು, ಹಾಲು ಮೂರು ಲೀಟರ್ ಎಂಟುನೂರು, ಫ್ಯಾಟ್ ಹನ್ನೆರಡೂವರೆ.

"ನೋಡಿ ಮೇಡಂ, ಇದೇ ನಾನು ಏಳಿದ್ದು" ಅಂದ ಕುಮಾರ. ಎರಡೂ ತಂತಿ ಕಿತ್ತು ಮತ್ತೆ ಚುಚ್ಚಿದ. ಈ ಸಲ ಹನ್ನೆರಡೂವರೆ ಲೀಟರ್, ಮೂರು ಪಾಯಿಂಟ್ ಎಂಟು. ಸರಿಹೋಯಿತು.

ಕುಮಾರ ಬೆಳಿಗ್ಗೆ ಫ್ಯಾಟ್ ಮಿಷನ್ನಿನ ತಂತಿಯನ್ನೇ ಮೊದಲು ಚುಚ್ಚಿದ್ದ. ಸೊನ್ನೆಯ ಜಾಗಕ್ಕೆ ಒಂದು ಬಂದು ಕೂತಿತ್ತು. ತೂಕ ಕೊಬ್ಬಾಗಿ, ಕೊಬ್ಬು ತೂಕವಾಗಿ. ಹೆಚ್ಚು ಹಾಲು ತರುವವರಿಗೆ ಅದು ಹುಚ್ಚು ಅಂಕಿಯಾಗಿ ಕಾಣಿಸುತ್ತದೆ, ಕಂಡ ಕೂಡಲೇ ಮಿಷನ್ ಕೆಟ್ಟಿದೆ ಅಂತ ಸರಿಮಾಡುತ್ತಾರೆ. ಎರಡೋ ಮೂರೋ ಲೀಟರ್ ಒಳ್ಳೇ ಹಾಲು ತರುವವಳಿಗೆ ಮಾತ್ರ ಅದು ನಿಜದ ಹಾಗೆ ಕಾಣುತ್ತದೆ. ಹಾಲು ಜಾಸ್ತಿಯಾಗಿದೆ, ಕೊಬ್ಬು ಕಮ್ಮಿಯಾಗಿದೆ. ನೀರು ಬೆರೆಸಿದರೆ ಆಗುವುದೂ ಅದೇ ತಾನೆ?

ಅಲ್ಲೇ ಹೇಳಿದೆ. "ಕುಮಾರಣ್ಣ, ಆ ಅಮ್ಮನದೂ ಹೀಗೇ ಅದಲುಬದಲಾಗಿರೋದು. ಅವರು ತಂದಿದ್ದು ಎರಡು ಲೀಟರ್ ಮುನ್ನೂರು, ನಾಲ್ಕು ಪಾಯಿಂಟ್ ನಾಲ್ಕು ಫ್ಯಾಟು."

ಕುಮಾರ ತಿರುಗಿ ಗೌಡರ ಮುಖ ನೋಡಿದ. ಗೌಡರು ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಅಂದರು, "ಆಲು ಚರಂಡೀಲಿ ಓಯ್ತಲ್ಲವ್ವ, ಈಗ ಯಾವುದನ್ನ ಅಳೆದು ನೋಡ್ತೀಯ? ಬುಡು. ನಮ್ದು ಸರಿಯೋಯ್ತಲ್ಲ."

"ಅವರನ್ನ ಕರೆಸಿ."

"ಸೊಪ್ಪು ಕೆಲ್ಸ ನಿಂತೋಯ್ತದೆ" ಅಂದರು ಗೌಡರು.

ಅಂಗಡಿಗೆ ಫೋನ್ ಮಾಡಿದೆ. ಮಲ್ಲಪ್ಪನವರು ಎಲ್ಲ ಕೇಳಿಸಿಕೊಂಡು, "ತಕ್ಕಡಿ ತಪ್ಪು ಅಂತ ಜನರೆದುರಿಗೆ ಅಂದ್ಯಾ?" ಅಂತ ಅದೊಂದೇ ಕೇಳಿದರು. ನಾನು ತಕ್ಕಡಿ ಸರಿಯಾಗಿದೆ, ಹೆಸರು ಕೊಡುವುದರಲ್ಲಿ ತಪ್ಪಾಗಿದೆ ಅಂದೆ. "ಜನಕ್ಕೆ ಅಷ್ಟೆಲ್ಲ ವ್ಯತ್ಯಾಸ ತಿಳಿಯಲ್ಲ. ಬಾಯಿ ಮುಚ್ಕೊಂಡು ವಾಪಸ್ ಬಾ. ಅಪ್‌ಡೇಟ್ ಅಂತ ಹೇಳಿ ಸರಿಮಾಡಿ ಹಾಕೋಣ."

ಸರಿಮಾಡುವುದಕ್ಕೆ ರಿಯಾಜ್‌ಗೂ ನನಗೂ ಆ ಮಳೆಗಾಲದ ಅರ್ಧ ಹಿಡಿಯಿತು. ತಂತಿಯ ಹೊಟ್ಟೆಯಲ್ಲಿರುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಅಂಕಿ ಬರೆಯುವ ಒಂದು ಜಾಗ ಇತ್ತು. ಮಾಡಿದವರು ಎಲ್ಲದರಲ್ಲೂ ಒಂದೇ ಬರೆದು ಬಿಟ್ಟಿದ್ದರು. ಅದನ್ನು ಅಳಿಸಿ ತಕ್ಕಡಿಯ ತಂತಿಗೆ ಒಂದು ಅಂಕಿ, ಫ್ಯಾಟ್ ಮಿಷನ್ನಿನ ತಂತಿಗೆ ಇನ್ನೊಂದು ಬರೆಯಬೇಕು. ಆಮೇಲೆ ಡ್ರೈವರಿನ ಪಟ್ಟಿಯನ್ನು ಬಿಚ್ಚಿ, ಇಬ್ಬರನ್ನೂ ಬೇರೆ ಬೇರೆ ಸಾಲಿನಲ್ಲಿ ಕೂರಿಸಿ, ಯಾರು ಮೊದಲು ಬಂದರೂ ಅವರವರ ಎಲೆಗೆ ಅವರವರನ್ನೇ ಕರೆದುಕೊಂಡು ಹೋಗುವ ಹಾಗೆ ತಿದ್ದಬೇಕು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಪ್ರಿಂಟರ್ ನಿಲ್ಲುತ್ತಿತ್ತು. ರಿಯಾಜ್ ಕೆಮ್ಮುತ್ತ, "ಆ ಅಮ್ಮ ದಿನಾ ನನ್ನ ಬೈಕೊಂಡು ಸೊಪ್ಪು ಪೋಣಿಸ್ತಿರ್ತಾಳೆ" ಅನ್ನುತ್ತಿದ್ದ. ಅವಳಿಗೆ ಇವನೊಬ್ಬ ಇದ್ದಾನೆ ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಯಾವ ತಂತಿಯನ್ನು ಮೊದಲು ಚುಚ್ಚಿದರೂ ಅಂಕಿ ಸರಿ ಬಂದವು. ಮಲ್ಲಪ್ಪನವರು ಆಗಲೂ ತಕ್ಕಡಿಗೆ ಕುಂಕುಮ ಇಟ್ಟು, "ಹೇಳಿದ್ನಲ್ಲ, ಬಾಯಿ ಬಿಡ್ಬೇಡಿ" ಅಂದರು.

ನಾನು ಬಾಯಿ ಬಿಟ್ಟೆ. ಅದಕ್ಕೆ ನನ್ನ ಕೆಲಸ ಹೋಯಿತು, ಅದು ದೊಡ್ಡ ಮಾತಲ್ಲ, ಆರು ತಿಂಗಳಲ್ಲಿ ಬೇರೆ ಸಿಕ್ಕಿತು.

ಹೊಸ ತಂತಿ ತೆಗೆದುಕೊಂಡು ಆ ಊರಿಗೆ ಹೋದಾಗ ಮೊದಲು ಹೋದದ್ದು ಗೌಡರ ಬ್ಯಾರನ್ನಿಗೆ. ಹೆಂಗಸರು ಸಾಲಾಗಿ ಕೂತು ಕೋಲಿಗೆ ಸೊಪ್ಪು ಕಟ್ಟುತ್ತಿದ್ದರು. ಚಿಕ್ಕತಾಯಮ್ಮ ತುದಿಯಲ್ಲಿ ಒಬ್ಬಳೇ ಇದ್ದಳು. ನಾನು ಪಕ್ಕ ಕೂತು, ಆದದ್ದನ್ನು ಆದ ಹಾಗೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಅಂಗಾರೆ ನನ್ ಆಲು ಚೆಂದಾಗಿತ್ತು" ಅಂದಳು.

"ಚೆನ್ನಾಗಿತ್ತಮ್ಮ. ಆ ಸಾಲಲ್ಲಿ ಎಲ್ಲರಿಗಿಂತ ಚೆನ್ನಾಗಿತ್ತು."

"ಅದು ನಂಗೆ ಗೊತ್ತಿತ್ತು ಕನವ್ವ. ನಂಗ್ಯಾಕೆ ಏಳ್ತೀಯ? ಅಲ್ಲಿ ಏಳು. ನಾ ನೀರು ಕುಡುದ್ರೂ ನಗ್ತಾರೆ ಇಲ್ಲಿ. ಮೊನ್ನೆ ನನ್ ಮಗಳು ಬಿಂದ್ಗೆ ಎತ್ಕಂಡು ಓಯ್ತಿದ್ರೆ, ಡೈರಿಗಾ ಅಂದ್ರಂತೆ."

ಸಾಯಂಕಾಲ ಅವಳನ್ನು ಜೊತೆಗೆ ಕರೆದುಕೊಂಡೇ ಡೈರಿಗೆ ಹೋದೆ. ಸಾಲು ತುಂಬಿತ್ತು. ಗೌಡರು ಕುರ್ಚಿಯಲ್ಲಿ ಕೂತಿದ್ದರು. ಮೊದಲು ಹಳೇ ತಂತಿಗಳನ್ನು ಉಲ್ಟಾ ಚುಚ್ಚಿ, ಒಬ್ಬರ ಎರಡೂವರೆ ಲೀಟರ್ ಹಾಲು ಹಾಕಿಸಿ, ಬೋರ್ಡು ಕೆಂಪಾಗುವುದನ್ನು ತೋರಿಸಿದೆ. ಆಮೇಲೆ ಪೆಟ್ಟಿಗೆಗೆ ತಿದ್ದಿದ ಪಟ್ಟಿ ಹಾಕಿ, ಅದೇ ಹಾಲನ್ನು ಹೊಸ ತಂತಿಯಲ್ಲಿ ಅಳೆದೆ. ನಾಲ್ಕರ ಮೇಲೆ ಬಂತು, ಹಸಿರು. ತಂತಿ ಅದಲುಬದಲು ಮಾಡಿ ಮತ್ತೆ ಅಳೆದೆ. ಹಸಿರೇ. ಆಮೇಲೆ ಹೇಳಿದೆ, ಚಿಕ್ಕತಾಯಮ್ಮ ಒಂದು ತೊಟ್ಟು ನೀರನ್ನೂ ಬೆರೆಸಿಲ್ಲ, ತಪ್ಪು ನಮ್ಮ ಪೆಟ್ಟಿಗೆಯದು.

ಕುಮಾರ ಬೋರ್ಡನ್ನೇ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಸಾಲಿನ ಮಧ್ಯದಿಂದ ಒಂದು ದನಿ, "ಅಂಗಾರೆ ಇನ್ಮೇಲೆ ನೀರವ್ವ ಅನ್ನಂಗಿಲ್ಲ ಕನ್ರಲಾ. ಕಂಪೂಟ್ರವ್ವ ಅನ್ನಿ."

ತಡೆದುಕೊಂಡಿದ್ದವರೆಲ್ಲ ನಕ್ಕರು. ಕುಮಾರನೂ ನಕ್ಕ, ಅವನಿಗೆ ಬಿಡುಗಡೆಯಾದ ಹಾಗಿತ್ತು.

ಗೌಡರು ಕೈ ಎತ್ತಿ ನಗು ನಿಲ್ಲಿಸಿದರು. "ಸುಮ್ನಿರ್ಲಾ. ಪಾಪದ ಎಂಗಸು. ನೋಡು ಚಿಕ್ಕತಾಯಿ, ತಪ್ಪು ಮಿಷಿನ್ದು, ನಿಂದೂ ಅಲ್ಲ ನಮ್ದೂ ಅಲ್ಲ. ನಿನ್ ಹೆಸ್ರು ಮತ್ತೆ ಬರೆಸ್ತೀನಿ. ನಾಳಿಂದ ಆಲು ತಕಬಾ."

ಚಿಕ್ಕತಾಯಮ್ಮ ಗೌಡರ ಮುಖವನ್ನೇ ನೋಡಿದಳು. "ಅಸ ನಿಮ್ ಕೊಟ್ಟಿಗೇಲಿ ತಾನೆ ಗೌಡ್ರೇ ಇರೋದು?"

ನನಗೆ ಅದು ಗೊತ್ತಿರಲಿಲ್ಲ. ಡೈರಿಯಲ್ಲಿ ಹೆಸರು ತೆಗೆದ ಮೇಲೆ ಆ ಊರಲ್ಲಿ ಅವಳ ಹಾಲನ್ನು ಯಾರೂ ಮುಟ್ಟಲಿಲ್ಲವಂತೆ. ಮೇವು, ಬೂಸ ಎಲ್ಲಿಂದ ತರುವುದು? ಹಸುವನ್ನು ಕೋಟೆ ಸಂತೆಗೆ ಹೊಡೆದುಕೊಂಡು ಹೊರಟವಳನ್ನು ಗೌಡರೇ ದಾರಿಯಲ್ಲಿ ನಿಲ್ಲಿಸಿ, ಅಷ್ಟು ದೂರ ಯಾಕೆ ಹೋಗುತ್ತೀಯ ಅಂತ ಕೈಗೆ ಬಂದಷ್ಟು ಕೊಟ್ಟು ತಮ್ಮ ಕೊಟ್ಟಿಗೆಗೆ ಕಟ್ಟಿಸಿಕೊಂಡಿದ್ದರು. ನಾಟಿ ಹಸುವಿನ ಹಾಲಿಗೆ ಫ್ಯಾಟ್ ಜಾಸ್ತಿ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಗೌಡರು ಕೋಪ ಮಾಡಿಕೊಳ್ಳಲಿಲ್ಲ. ಯೋಚನೆ ಮಾಡಿದರು. ಅವರು ಕೆಟ್ಟವರ ಹಾಗೆ ಕಾಣುತ್ತಲೂ ಇರಲಿಲ್ಲ. "ಅದೂ ಸರಿ ಅನ್ನು. ಒಂದ್ ಕೆಲ್ಸ ಮಾಡು. ಆ ಅಸ ಒದೀತದೆ ಕನವ್ವ, ನಮ್ ಮನೆ ಎಂಗಸ್ರಿಗೆ ಕೆಚ್ಚಲು ಮುಟ್ಟಕ್ಕೂ ಬುಡಕ್ಕಿಲ್ಲ. ನೀನೇ ಬಂದು ಕರ್ಕೊಡು. ಎಂಗೂ ಬ್ಯಾರನ್ಗೆ ಬತ್ತೀಯ, ಅದ್ರು ಜೊತೇಲಿ ಇದೂ ಆಯ್ತದೆ. ಒಂಚೂರು ಕೂಲಿ ಸೇರುಸ್ತೀನಿ."

"ಗೌಡ್ರುದು ದೊಡ್ ಮನ್ಸು" ಅಂದರು ಸಾಲಿನಲ್ಲಿ. ಈ ಸಲ ಯಾರೂ ನಗಲಿಲ್ಲ, ಮನಸ್ಸಿನಿಂದಲೇ ಅಂದರು.

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು. "ನೀವೇನಂತೀರವ್ವ?" ಮಧ್ಯಾಹ್ನ ಬ್ಯಾರನ್ನಿನಲ್ಲಿ ನನ್ನನ್ನು ನೀನು ಅಂದಿದ್ದಳು.

ನಾನು ಹಳೇ ತಂತಿಗಳನ್ನು ಸುತ್ತಿ ಚೀಲಕ್ಕೆ ಹಾಕಿದೆ. ನನ್ನ ಹತ್ತಿರ ಸತ್ಯ ಒಂದಿತ್ತು, ಅದನ್ನು ಆಗಲೇ ಹೇಳಿ ಮುಗಿಸಿದ್ದೆ.

ಹೊಸ ತಂತಿ ಬೆಳಗಿನ ಹೊತ್ತು ಹೇಗೆ ನಡೆಯುತ್ತದೆ ಅಂತ ನೋಡಲೇಬೇಕಿತ್ತು, ಆ ರಾತ್ರಿ ಕೋಟೆಯಲ್ಲೇ ಉಳಿದು ಬೆಳಿಗ್ಗೆ ಮತ್ತೆ ಹೋದೆ. ಕುಮಾರ ಫ್ಯಾಟ್ ಮಿಷನ್ನಿನ ತಂತಿಯನ್ನೇ ಮೊದಲು ಚುಚ್ಚಿದ. ಸಾಲಿನ ಮೊದಲಲ್ಲಿ ಚಿಕ್ಕತಾಯಮ್ಮ, ಕೈಯಲ್ಲಿ ಗೌಡರ ಮನೆಯ ಹೊಳೆಯುವ ಸ್ಟೀಲ್ ಕ್ಯಾನು. ಹಾಲು ಬಗ್ಗಿಸಿದಳು. ಎರಡು ಲೀಟರ್ ಮುನ್ನೂರು, ನಾಲ್ಕು ಪಾಯಿಂಟ್ ನಾಲ್ಕು. ಅಂಕಿ ತಮ್ಮ ತಮ್ಮ ಜಾಗದಲ್ಲಿ ಹಸಿರಾಗಿ ನಿಂತವು.

"ಒಳ್ಳೇ ಆಲು" ಅಂದ ಕುಮಾರ. "ಯಾರೆಸ್ರಿಗೆ ಬರೀಲಿ?"

ಅವನಿಗೆ ಗೊತ್ತಿತ್ತು. ಆದರೂ ಕೇಳಿದ.

"ಗೌಡ್ರುದು" ಅಂದಳು ಚಿಕ್ಕತಾಯಮ್ಮ. ಕ್ಯಾನಿನ ತಳದಲ್ಲಿ ಉಳಿದ ಹನಿಯನ್ನೂ ಅಲುಗಿಸಿ ಬಕೆಟ್ಟಿಗೆ ಬಿಟ್ಟು, ಬಾಗಿಲು ದಾಟಿ ಬ್ಯಾರನ್ ದಾರಿ ಹಿಡಿದಳು.